ಹರ್ಮನ್ ಮೋಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ (29 ಮೇ 1811 – 10 ಮೇ 1881) ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಿಂದ ಕನ್ನಡ ನಾಡಿಗೆ ಬಂದ ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿ, ಶಿಕ್ಷಕ, ಪತ್ರಕರ್ತ ಮತ್ತು ಗ್ರಂಥ ಸಂಪಾದಕ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಆರಂಭಿಸಿದವರು ಎಂದು ಇವರು ನಾಡಿನಲ್ಲಿ ಪ್ರಸಿದ್ಧರಾಗಿದ್ದಾರೆ. ಹಳೆಯ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಗ್ರಂಥಮಾಲೆಯೂ ಇವರದೇ. ಇವರ ಬಾಳಿನ ಇನ್ನೊಂದು ಮುಖ ಇಷ್ಟು ಪ್ರಸಿದ್ಧವಲ್ಲ. ನೆರೆಯವರನ್ನು ಪ್ರೀತಿಸಬೇಕೆಂಬ ಕ್ರಿಸ್ತನ ಬೋಧೆಯನ್ನು ಅವರು ಒಂದೇ ಸೂರಿನ ವಾಸ, ಒಂದೇ ಪಂಕ್ತಿಯ ಊಟ, ದುಡಿಯುವವನಿಗೆ ಭೂಮಿ ಎಂಬ ನಿತ್ಯಜೀವನದ ಮಾತಾಗಿ ಗ್ರಹಿಸಿದ್ದರು. ಬಿಳಿಯರು ಆಳುವವರು, ದೇಶಸ್ಥರು ಆಳಿಸಿಕೊಳ್ಳುವವರು ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಅವರು ದೇಶಸ್ಥ ವಿದ್ಯಾರ್ಥಿಗಳೊಡನೆ ಸಮಾನವಾಗಿ ಬಾಳಲು ಯತ್ನಿಸಿದರು. ಕೊಡಗಿನಲ್ಲಿ ಜೀತದಲ್ಲಿದ್ದ ಜನರಿಗಾಗಿ ಆನಂದಪುರ ಎಂಬ ಹಳ್ಳಿಯನ್ನು ಕಟ್ಟಿದರು.

ಹಿನ್ನೆಲೆ ಮತ್ತು ಶಿಕ್ಷಣ

ಮೋಗ್ಲಿಂಗ್ ಜನಿಸಿದ್ದು ವುರ್ಟೆಂಬರ್ಗಿನ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಆ ಪ್ರಾಂತದಲ್ಲಿ ಪ್ರಾಟೆಸ್ಟೆಂಟ್ ಕ್ರೈಸ್ತರ ನಡುವೆ ಭಕ್ತಿಪಂಥವೊಂದು ಆಳವಾಗಿ ಬೇರೂರಿತ್ತು. ಚರ್ಚಿನ ವಿಧಿಗಳಿಗಿಂತ ಅಂತರಂಗದ ಪರಿವರ್ತನೆ ಮತ್ತು ನಡೆಯ ಶುದ್ಧಿ ಮುಖ್ಯವೆಂದು ಈ ಪಂಥದವರು ನಂಬಿದ್ದರು. ಮೋಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಓದಿದರು. ಮುಂದೆ ಮಲಯಾಳಂ ನಿಘಂಟುಕಾರರಾಗಿ ಹೆಸರಾದ ಹರ್ಮನ್ ಗುಂಡರ್ಟ್ ಅವರೊಡನೆ ಇವರಿಗೆ ಜೀವನಪರ್ಯಂತದ ಸ್ನೇಹವಿತ್ತು.

ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾಯಿತು. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು ನವೀಕರಿಸಿದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ಕೆಲಸ ಮಾಡುವ ಅವಕಾಶ ದೊರೆಯಿತು. ಅದರ ಫಲವಾಗಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದರು. ಎರಡು ವರ್ಷಗಳ ತರುವಾಯ, 1836ರ ಕೊನೆಯಲ್ಲಿ, ಇಪ್ಪತ್ತೈದು ವರ್ಷದ ಮೋಗ್ಲಿಂಗ್ ಅವರನ್ನು ಕೂಡಿಕೊಂಡರು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಊರಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಕೇಳಿಬರುತ್ತಿದ್ದವು. ಮೋಗ್ಲಿಂಗ್ ಕನ್ನಡವನ್ನು ತಮ್ಮ ಕೆಲಸದ ಭಾಷೆಯಾಗಿ ಆರಿಸಿಕೊಂಡು, ಕೆಲವೇ ವರ್ಷಗಳಲ್ಲಿ ಅದರಲ್ಲಿ ಬರೆಯುವಷ್ಟು ಪ್ರಭುತ್ವವನ್ನು ಪಡೆದರು.

ಒಂದೇ ಸೂರಿನಡಿ

1840ರಲ್ಲಿ ಜಿಲ್ಲೆಯ ಕಲೆಕ್ಟರರಾಗಿದ್ದ ಎಚ್. ಎಂ. ಬ್ಲೇರ್ ಅವರು ಮಂಗಳೂರಿನ ಬಲ್ಮಠ ಗುಡ್ಡದ ಮೇಲಿನ ಜಾಗವನ್ನು ಮಿಷನ್ನಿಗೆ ಕೊಟ್ಟರು. ಅಲ್ಲಿ ಹುಡುಗರ ಶಾಲೆಯೂ ಮುಂದೆ 1847ರಲ್ಲಿ ಉಪದೇಶಕರನ್ನು ತರಬೇತುಗೊಳಿಸುವ ವಿದ್ಯಾಲಯವೂ ನೆಲೆಗೊಂಡವು. ಮೋಗ್ಲಿಂಗ್ ಈ ವಿದ್ಯಾರ್ಥಿಗಳ ಗುರುವಾದರು.

ಆ ಕಾಲದಲ್ಲಿ ಭಾರತದಲ್ಲಿದ್ದ ಯುರೋಪಿಯನ್ನರ ಮನೆ, ಊಟ, ಉಡುಪು, ಸ್ಮಶಾನ ಎಲ್ಲವೂ ದೇಶಸ್ಥರಿಂದ ಪ್ರತ್ಯೇಕವಾಗಿರುತ್ತಿದ್ದವು. ಮಿಷನರಿಗಳೂ ಬಹುಮಟ್ಟಿಗೆ ಇದೇ ರೀತಿಯಲ್ಲಿದ್ದರು. ಉಪದೇಶದಲ್ಲಿ ಸಹೋದರನೆಂದು ಕರೆಯಲ್ಪಟ್ಟವನು ಬಂಗಲೆಯ ಜಗಲಿಯ ಹೊರಗೇ ನಿಲ್ಲಬೇಕಾಗುತ್ತಿತ್ತು. ಈ ವಿರೋಧ ಮೋಗ್ಲಿಂಗ್ ಅವರನ್ನು ಬಾಧಿಸಿತು. ಭಾರತೀಯರಿಗೆ ಬೋಧಿಸುವವನು ಭಾರತೀಯನಂತೆಯೇ ಬಾಳಬೇಕು ಎಂಬ ನಿಲುವಿಗೆ ಅವರು ಬಂದರು. ವಿದ್ಯಾರ್ಥಿಗಳೊಡನೆ ಒಂದೇ ಮನೆಯಲ್ಲಿ ವಾಸಿಸಿ, ಅವರ ಊಟವನ್ನೇ ಉಂಡು, ಅವರೊಡನೆ ಬೆರೆತರು. ಬೇರೆ ಬೇರೆ ಜಾತಿಗಳಿಂದ ಬಂದ ಹುಡುಗರು ಒಟ್ಟಿಗೆ ಉಣ್ಣುವುದು ಊರಿನ ದೃಷ್ಟಿಯಲ್ಲಿ ಮರ್ಯಾದೆ ಮೀರಿದ ನಡೆಯಾಗಿತ್ತು. ಬಿಳಿಯ ಪಾದ್ರಿಯೊಬ್ಬರು ಅವರ ನಡುವೆ ಕುಳಿತು ಉಣ್ಣುವುದು ಯುರೋಪಿಯನ್ನರ ದೃಷ್ಟಿಯಲ್ಲಿಯೂ ಹಾಗೆಯೇ ಇತ್ತು.

ಸಹೋದ್ಯೋಗಿಗಳೆಲ್ಲರೂ ಇದನ್ನು ಒಪ್ಪಲಿಲ್ಲ. ಆರೋಗ್ಯ ಕೆಡುವುದೆಂದೂ ಶಿಸ್ತು ಸಡಿಲವಾಗುವುದೆಂದೂ ಆಕ್ಷೇಪಗಳಿದ್ದವು. ಹೀಗಾಗಿ ಮೋಗ್ಲಿಂಗ್ ಅವರ ಆದರ್ಶ ಮಿಷನ್ನಿನ ನಿಯಮವಾಗಲಿಲ್ಲ. ಆದರೆ ಅದು ವ್ಯರ್ಥವೂ ಆಗಲಿಲ್ಲ. 1853ರಲ್ಲಿ ಭಾರತಕ್ಕೆ ಬಂದ ತರುಣ ಫರ್ಡಿನಾಂಡ್ ಕಿಟ್ಟೆಲ್ ಈ ಮಾತನ್ನು ತಮ್ಮ ಬಾಳಿನ ಸೂತ್ರವಾಗಿ ಸ್ವೀಕರಿಸಿದರು. ಜನರ ನಡುವೆ ನಡೆದಾಡಿ ಭಾಷೆ ಕಲಿತ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು.

ಆನಂದರಾವ್ ಕೌಂಡಿನ್ಯ

1844ರ ಜನವರಿ 6ರಂದು ಮಿಷನ್ ಶಾಲೆಯ ಮೂವರು ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯ, ಭಗವಂತರಾವ್ ಮತ್ತು ಮುಕುಂದರಾವ್ ಕ್ರೈಸ್ತಧರ್ಮದ ದೀಕ್ಷೆ ಪಡೆದರು. ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಕ್ಕಳನ್ನು ವಿದ್ಯೆಗಾಗಿ ಕಳುಹಿಸಿದ ಮನೆತನಗಳಿಗೆ ಇದು ವಿಶ್ವಾಸದ್ರೋಹವಾಗಿ ಕಂಡಿತು. ಮಕ್ಕಳು ಜಾತಿಯಿಂದ ಹೊರಬಿದ್ದರೆ ತಂದೆತಾಯಿಗಳ ಉತ್ತರಕ್ರಿಯೆಗೂ ಮಗನಿಲ್ಲದಂತಾಗುತ್ತಿತ್ತು. ಆ ದುಃಖ ಸಣ್ಣದಾಗಿರಲಿಲ್ಲ. ತರುಣರ ಪಾಲಿಗೂ ಅದು ಮನೆ, ಬಂಧು, ಆಸ್ತಿ ಎಲ್ಲವನ್ನೂ ಬಿಟ್ಟುಬರುವ ನಿರ್ಧಾರವಾಗಿತ್ತು.

1846ರಲ್ಲಿ ಮೋಗ್ಲಿಂಗ್ ಸ್ವದೇಶಕ್ಕೆ ಹೋಗುವಾಗ ಕೌಂಡಿನ್ಯರನ್ನು ಜೊತೆಗೆ ಕರೆದುಕೊಂಡು ಹೋದರು. ಅವರು ಬಾಸೆಲಿನ ಮಿಷನ್ ವಿದ್ಯಾಲಯದಲ್ಲಿ ಯುರೋಪಿಯನ್ ವಿದ್ಯಾರ್ಥಿಗಳ ಜೊತೆಯಲ್ಲಿಯೇ ಅಧ್ಯಯನ ಮಾಡಿದರು. 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾಗಿ ಭಾರತಕ್ಕೆ ಮರಳಿದ ಅವರು ದೀರ್ಘಕಾಲ ಮಂಗಳೂರಿನ ವಿದ್ಯಾಲಯದಲ್ಲಿ ಬೋಧಿಸಿದರು. ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎಂದು ಕರೆಸಿಕೊಂಡರು. 1860ರಲ್ಲಿ ಅವರು ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬವರನ್ನು ವಿವಾಹವಾದರು. ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಗಳು ಆಡಳಿತ ಸಮಿತಿಯ ಅನುಮತಿ ಇಲ್ಲದೆ ಮದುವೆಯಾಗುವಂತಿರಲಿಲ್ಲ. 1857ರ ದಂಗೆಯ ಬಳಿಕ ಭಾರತದಲ್ಲಿ ಬಿಳಿಯರಿಗೂ ದೇಶಸ್ಥರಿಗೂ ನಡುವಿನ ಬಿರುಕು ಹೆಚ್ಚಾಗಿದ್ದ ದಿನಗಳಲ್ಲಿ ಭಾರತೀಯ ಪಾದ್ರಿಯೊಬ್ಬರು ಯುರೋಪಿನ ಕನ್ಯೆಯನ್ನು ವರಿಸಿದ್ದು ಅಪರೂಪದ ಘಟನೆ.

ಮಂಗಳೂರ ಸಮಾಚಾರ

ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಕಲ್ಲಚ್ಚಿನಲ್ಲಿ ಮೊಳೆಗಳನ್ನು ಜೋಡಿಸುವ ಕೆಲಸವಿರುವುದಿಲ್ಲ. ಜಿಡ್ಡಿನ ಶಾಯಿಯಿಂದ ಕೈಯಲ್ಲಿ ಬರೆದ ಬರಹವನ್ನು ನಯಗೊಳಿಸಿದ ಕಲ್ಲಿನ ಮೇಲೆ ಇಳಿಸಿ, ಅದರಿಂದ ಹಾಳೆಗಳನ್ನು ಒತ್ತುತ್ತಾರೆ. ಕನ್ನಡದ ಮೊಳೆಗಳು ಸುಲಭವಾಗಿ ದೊರಕದ ಕಾಲದಲ್ಲಿ ಇದು ಅನುಕೂಲವಾದ ವಿಧಾನವಾಗಿತ್ತು.

1843ರ ಜುಲೈ 1ರಂದು ಈ ಮುದ್ರಣಾಲಯದಿಂದ 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆ ಹೊರಬಂದಿತು. ನಾಲ್ಕು ಪುಟಗಳ ಈ ಪಾಕ್ಷಿಕದ ಸಂಪಾದಕರು ಮೋಗ್ಲಿಂಗ್. ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಹೊರದೇಶಗಳ ಸಂಗತಿ, ಕಥೆ, ಗಾದೆ, ಹಾಡು ಇವೆಲ್ಲ ಅದರಲ್ಲಿದ್ದವು. ಭಾಷೆ ಪಂಡಿತರದಲ್ಲ, ಜನರು ಆಡುವ ಕನ್ನಡಕ್ಕೆ ಹತ್ತಿರವಾದುದು. ಸರಕಾರದ ನಿರೂಪಗಳು ಅಧಿಕಾರಿಗಳಿಗೂ ಪಟೇಲ ಶಾನುಭೋಗರಿಗೂ ಮಾತ್ರ ತಿಳಿಯುತ್ತಿದ್ದ ದಿನಗಳಲ್ಲಿ, ಓದು ಬಲ್ಲ ಯಾರಿಗಾದರೂ ಅವು ತಿಳಿಯುವಂತಾದುದು ಸಾಮಾನ್ಯ ಸಂಗತಿಯಲ್ಲ. 1844ರಲ್ಲಿ ಪತ್ರಿಕೆಯ ಮುದ್ರಣ ಬಳ್ಳಾರಿಗೆ ವರ್ಗವಾಗಿ, ಹೆಸರು 'ಕಂನಡ ಸಮಾಚಾರ' ಎಂದಾಯಿತು. ಮಲಯಾಳದ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' 1847ರಲ್ಲಿ ತಲಶ್ಶೇರಿಯಿಂದ ಹೊರಟಿತು. ಅದನ್ನು ಆರಂಭಿಸಿದವರು ಮೋಗ್ಲಿಂಗರ ಮಿತ್ರ ಗುಂಡರ್ಟ್.

ಬಿಬ್ಲಿಯೊಥಿಕಾ ಕರ್ನಾಟಿಕಾ

ನೆರೆಯವನನ್ನು ಪ್ರೀತಿಸಬೇಕಾದರೆ ಅವನ ಮನಸ್ಸನ್ನು ಅರಿಯಬೇಕು. ಅದಕ್ಕೆ ಅವನ ಹಾಡುಗಳನ್ನೂ ಪುರಾಣಗಳನ್ನೂ ಓದಬೇಕು. ಮೋಗ್ಲಿಂಗ್ ಅವರ ಸಾಹಿತ್ಯಸೇವೆಯ ಹಿಂದೆ ಈ ತಿಳಿವಳಿಕೆ ಇತ್ತು. ಮಿಷನರಿಗಳಿಗೂ ಅಧಿಕಾರಿಗಳಿಗೂ ಕನ್ನಡ ಕಲಿಯಲು ಉತ್ತಮ ಪಠ್ಯಗಳು ಬೇಕಾಗಿದ್ದವು ಎಂಬ ಪ್ರಯೋಜನವೂ ಅದರ ಜೊತೆಗಿತ್ತು.

ನೀಲಗಿರಿಯಲ್ಲಿ ನೆಲೆಸಿದ್ದ ಕಂಪನಿಯ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ಅವರ ಧನಸಹಾಯದಿಂದ 1848ರಲ್ಲಿ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಆರಂಭವಾಯಿತು. ಅದುವರೆಗೆ ಓಲೆಗರಿಗಳಲ್ಲಿದ್ದ ತೊರವೆ ರಾಮಾಯಣ, ಜೈಮಿನಿ ಭಾರತ, ಬಸವಪುರಾಣ ಮೊದಲಾದ ಕೃತಿಗಳು ಈ ಮಾಲೆಯಲ್ಲಿ ಕಲ್ಲಚ್ಚಿನ ಪುಸ್ತಕಗಳಾಗಿ ಬಂದವು. 1850ರಲ್ಲಿ ಪ್ರಕಟವಾದ 'ದಾಸರ ಪದಗಳು' ಹರಿದಾಸರ ಕೀರ್ತನೆಗಳನ್ನು ಮೊದಲ ಬಾರಿಗೆ ಸಂಗ್ರಹರೂಪದಲ್ಲಿ ಅಚ್ಚಿಗೆ ತಂದಿತು. ಒಬ್ಬ ಪಾದ್ರಿ ವೈಷ್ಣವ ಭಕ್ತಿಗೀತೆಗಳನ್ನೂ ವೀರಶೈವ ಪುರಾಣವನ್ನೂ ಶ್ರದ್ಧೆಯಿಂದ ಸಂಪಾದಿಸಿದುದು ಮಿಷನ್ನಿನೊಳಗೆ ಎಲ್ಲರಿಗೂ ಸಹಜವಾಗಿ ಕಾಣುವ ಕೆಲಸವಾಗಿರಲಿಲ್ಲ. ಮೋಗ್ಲಿಂಗ್ ಕನ್ನಡ ಗಾದೆಗಳನ್ನೂ ಸಂಗ್ರಹಿಸಿದರು. ಗೆಳೆಯ ಗಾಟ್‌ಫ್ರೀಡ್ ವೈಗ್ಲೆ ಅವರು ಭಾಷಾಂತರ ಮುಂತಾದ ಕೆಲಸಗಳಲ್ಲಿ ಜೊತೆಗಿದ್ದರು. ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಮೋಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು.

ಕೊಡಗಿಗೆ ಪಯಣ

ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತ್ತು. 1850ರ ದಶಕದ ಆರಂಭದಲ್ಲಿ ಆಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದು ಕ್ರೈಸ್ತರಾದರು. ಸ್ತೆಫಾನ ಸೋಮಯ್ಯ ಎಂಬುದು ಅವರ ಹೊಸ ಹೆಸರು. ತಮ್ಮ ಮನೆಗೆ ಬರಬೇಕೆಂದು ಅವರು ಮೋಗ್ಲಿಂಗ್ ಅವರನ್ನು ಕೇಳಿಕೊಂಡರು. ಮತಾಂತರಗೊಂಡವನನ್ನು ಸ್ವಜನರು ದೂರವಿಡುವುದು ಖಂಡಿತವಾಗಿದ್ದ ಸಂದರ್ಭದಲ್ಲಿ ಅವರನ್ನು ಒಬ್ಬಂಟಿಯಾಗಿ ಕಳುಹಿಸುವುದು ಮೋಗ್ಲಿಂಗ್ ಅವರಿಗೆ ಸರಿತೋರಲಿಲ್ಲ. 1853ರಲ್ಲಿ ಅವರು ಸೋಮಯ್ಯನವರ ಜೊತೆ ಘಟ್ಟ ಹತ್ತಿದರು. ಆರಂಭದಲ್ಲಿ ಈ ಕೆಲಸವನ್ನು ಅವರು ಬಹುಮಟ್ಟಿಗೆ ಸ್ವಂತ ಹೊಣೆಯ ಮೇಲೆ ನಡೆಸಿದರು. ಮಿಷನ್ ಅದನ್ನು ವಹಿಸಿಕೊಂಡದ್ದು ಆಮೇಲೆ.

ಮಡಿಕೇರಿಯಲ್ಲಿ ನೆಲೆಸಿದ ಮೋಗ್ಲಿಂಗ್ ಕೊಡಗಿನ ಇತಿಹಾಸ, ಜನ ಮತ್ತು ಆಚಾರಗಳನ್ನು ಅಭ್ಯಸಿಸಿ 1855ರಲ್ಲಿ 'ಕೂರ್ಗ್ ಮೆಮಾಯರ್ಸ್' ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಕೊಡಗಿನ ರಾಜರ ಚರಿತ್ರೆಯಾದ 'ರಾಜೇಂದ್ರನಾಮೆ'ಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದರು.

ಇದೇ ಕಾಲದಲ್ಲಿ ಅವರ ಸ್ವಂತ ಬಾಳಿನಲ್ಲಿಯೂ ಬದಲಾವಣೆಯಾಯಿತು. 1855ರಲ್ಲಿ ವೈಗ್ಲೆ ತೀರಿಕೊಂಡರು. ಕೆಲಕಾಲದ ಬಳಿಕ ಮೋಗ್ಲಿಂಗ್ ಅವರ ವಿಧವೆ ಪೌಲೀನ್ ಅವರನ್ನು ವಿವಾಹವಾಗಿ, ಗೆಳೆಯನ ಮಕ್ಕಳಿಗೆ ತಂದೆಯಾದರು.

ಆನಂದಪುರ

ಕೊಡಗಿನ ಬೇಸಾಯದ ಭಾರವನ್ನು ಹೊತ್ತವರು ಅಂದಿನ ದಾಖಲೆಗಳು ಹೊಲೆಯರೆಂದು ಕರೆದ, ಇಂದು ಪರಿಶಿಷ್ಟ ಜಾತಿಗಳಲ್ಲಿ ಸೇರಿರುವ ಸಮುದಾಯದವರು. ರಾಜರ ಕಾಲದಿಂದಲೂ ಇವರಲ್ಲಿ ಅನೇಕರು ಜೀತದಾಳುಗಳಾಗಿದ್ದರು. ಕೆಲವರು ಭೂಮಿಗೆ ಸೇರಿದವರು. ಗದ್ದೆ ಕೈಬದಲಾದರೆ ಅವರೂ ಅದರೊಡನೆ ಹೊಸ ಒಡೆಯನಿಗೆ ಸಲ್ಲುತ್ತಿದ್ದರು. ಇನ್ನು ಕೆಲವರು ಮನೆತನಕ್ಕೆ ಸೇರಿದವರು. 1843ರ ಐದನೆಯ ಕಾಯಿದೆಯಿಂದ ಕಂಪನಿಯ ಆಡಳಿತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿತ್ತು. ಒಡೆಯನು ಇವನು ನನ್ನ ಆಳು ಎಂದು ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸುವಂತಿರಲಿಲ್ಲ. ಆದರೆ ಕಾಯಿದೆಯು ಜೀತದಾಳಿಗೆ ಭೂಮಿಯನ್ನಾಗಲಿ ಮನೆಯನ್ನಾಗಲಿ ಕೊಡಲಿಲ್ಲ. ಒಡೆಯನನ್ನು ಬಿಟ್ಟುಹೋದವನಿಗೆ ಉಣ್ಣಲು ದಾರಿ ಇರಲಿಲ್ಲ. ಹೀಗಾಗಿ ಹಳೆಯ ಪದ್ಧತಿ ಬಹುಕಾಲ ಹಾಗೆಯೇ ನಡೆಯಿತು. ಇದೇ ದಶಕದಲ್ಲಿ ಯುರೋಪಿಯನ್ನರು ಕೊಡಗಿನಲ್ಲಿ ಕಾಫಿ ತೋಟಗಳನ್ನು ಮಾಡಲಾರಂಭಿಸಿದರು. ಕೂಲಿಯಾಳುಗಳ ಅಗತ್ಯ ಹೆಚ್ಚಿತು.

ಈ ಸಮುದಾಯದ ಕೆಲವು ಕುಟುಂಬಗಳು ಮೋಗ್ಲಿಂಗ್ ಅವರನ್ನು ಆಶ್ರಯಿಸಿದವು. ಉಪದೇಶವೊಂದರಿಂದಲೇ ಇವರ ಸಂಕಟ ನೀಗದೆಂಬುದು ಮೋಗ್ಲಿಂಗ್ ಅವರಿಗೆ ಸ್ಪಷ್ಟವಾಯಿತು. ಸ್ವಂತ ನೆಲೆಯಿಲ್ಲದವನು ಸ್ವತಂತ್ರನಾಗಲಾರನು ಎಂದು ಅರಿತು, ಕೌಂಡಿನ್ಯರ ಸಹಕಾರದೊಡನೆ ಸಿದ್ದಾಪುರದ ಬಳಿ ಕಾಡಿನ ಭೂಮಿಯನ್ನು ಪಡೆದು, ಅಲ್ಲಿ ಆನಂದಪುರ ಎಂಬ ಹಳ್ಳಿಯನ್ನು ಕಟ್ಟಿಸಿದರು. (ಶಿವಮೊಗ್ಗ ಜಿಲ್ಲೆಯ ಆನಂದಪುರಕ್ಕೂ ಇದಕ್ಕೂ ಸಂಬಂಧವಿಲ್ಲ.) ಕಾಡು ಕಡಿದು ಮನೆಗಳನ್ನು ಕಟ್ಟಿಕೊಂಡ ಕುಟುಂಬಗಳು ಬೇಸಾಯವನ್ನೂ ಕಾಫಿ ತೋಟದ ಕೆಲಸವನ್ನೂ ಕೈಗೊಂಡವು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಕೌಂಡಿನ್ಯರು, ಜರ್ಮನಿಯ ಮೋಗ್ಲಿಂಗ್ ಮತ್ತು ಊರ ಬಾವಿಗೆ ಬರಲು ಅವಕಾಶವಿಲ್ಲದ ದುಡಿಯುವ ಜನರು ಒಂದೇ ಪ್ರಾರ್ಥನಾಮಂದಿರದಲ್ಲಿ ಕೂಡಿದರು.

ಆನಂದಪುರದ ಹಾದಿ ಸುಗಮವಾಗಿರಲಿಲ್ಲ. ಆಳುಗಳು ಕೈತಪ್ಪಿಹೋಗುವುದನ್ನು ಒಡೆಯರು ಸಹಜವಾಗಿ ವಿರೋಧಿಸಿದರು. ತೋಟದ ಖರ್ಚು ನಿಭಾಯಿಸುವುದು ಕಷ್ಟವಾಯಿತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಕೊಡಗಿನ ಕಾಫಿ ತೋಟಗಳನ್ನು ಹಾಳುಮಾಡಿತು. ಮೋಗ್ಲಿಂಗ್ ಅದಕ್ಕೆ ಮೊದಲೇ ಭಾರತವನ್ನು ಬಿಟ್ಟಿದ್ದರು. ಆದರೂ ಹಳ್ಳಿ ಉಳಿದುಕೊಂಡಿತು.

ಕೊನೆಯ ವರ್ಷಗಳು

ಪತ್ನಿಯ ಅನಾರೋಗ್ಯದ ಕಾರಣ ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಹಿಂದಿರುಗಿದರು. ಮತ್ತೆ ಭಾರತಕ್ಕೆ ಬರುವುದು ಸಾಧ್ಯವಾಗಲಿಲ್ಲ. ಅಲ್ಲಿಂದಲೂ ಅವರು ಕನ್ನಡದ ನಂಟನ್ನು ಬಿಡಲಿಲ್ಲ. ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದ್ವಾಂಸರಿಗೆ ಪರಿಚಯಿಸಿದರು. ಕೊಡಗನ್ನು ಕುರಿತ ಜರ್ಮನ್ ಗ್ರಂಥವೊಂದನ್ನು ಟಿ. ವೈಟ್‌ಬ್ರೆಕ್ಟ್ ಅವರೊಡನೆ ಸೇರಿ 1866ರಲ್ಲಿ ಹೊರತಂದರು. 1881ರ ಮೇ 10ರಂದು ಎಸ್ಲಿಂಗನ್ ನಗರದಲ್ಲಿ ನಿಧನರಾದರು. ಆಗ ಅವರಿಗೆ ಎಪ್ಪತ್ತು ವರ್ಷ ತುಂಬಲು ಕೆಲವೇ ದಿನಗಳು ಉಳಿದಿದ್ದವು. ಮರುವರ್ಷ ಗುಂಡರ್ಟ್ ತಮ್ಮ ಗೆಳೆಯನ ಜೀವನಚರಿತ್ರೆಯನ್ನು ಪ್ರಕಟಿಸಿದರು.

ವಿಮರ್ಶೆ

ಮೋಗ್ಲಿಂಗ್ ಅವರ ಬಾಳನ್ನು ಅಳೆಯುವಾಗ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಮೊದಲನೆಯದಾಗಿ, ಅವರು ಮತಪ್ರಚಾರಕ್ಕಾಗಿಯೇ ಬಂದವರು. ಅವರ ಶಾಲೆ, ಪತ್ರಿಕೆ, ಗ್ರಂಥಮಾಲೆ ಯಾವುದನ್ನೂ ಆ ಉದ್ದೇಶದಿಂದ ಬೇರ್ಪಡಿಸಲಾಗದು. ಕಂಪನಿಯ ಆಡಳಿತದ ನೆರಳು ಅವರ ಕೆಲಸಕ್ಕೆ ರಕ್ಷಣೆಯಾಗಿತ್ತು. ಮತಾಂತರದಿಂದ ಅನೇಕ ಮನೆಗಳು ನೋವುಂಡವು. ಆನಂದಪುರದಂತಹ ನೆಲೆಗಳಲ್ಲಿಯೂ ಹಣ ಮತ್ತು ನಿರ್ಧಾರದ ಅಧಿಕಾರ ಮಿಷನ್ನಿನ ಕೈಯಲ್ಲಿತ್ತು. ಹೊಸ ಒಡೆಯ ದಯಾಳುವಾದರೂ ಒಡೆಯನೇ ಎಂಬ ಆಕ್ಷೇಪದಲ್ಲಿ ಹುರುಳಿದೆ.

ಎರಡನೆಯದಾಗಿ, ಸಮಾನತೆಯನ್ನು ಅವರು ಬೋಧೆಗೆ ಮಾತ್ರ ಸೀಮಿತಗೊಳಿಸಲಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಅನ್ಯಕುಲದ ಸಮಾರ್ಯನು ಎತ್ತಿ ಆರೈಕೆ ಮಾಡಿದ ಕಥೆ ಬೈಬಲಿನಲ್ಲಿದೆ. ನೆರೆಯವನು ಯಾರು ಎಂಬ ಪ್ರಶ್ನೆಗೆ ಕ್ರಿಸ್ತನು ಕೊಟ್ಟ ಉತ್ತರವೇ ಈ ಕಥೆ. ಮೋಗ್ಲಿಂಗ್ ಅದನ್ನು ಬಲ್ಮಠದ ಊಟದ ಪಂಕ್ತಿಗೂ ಕೊಡಗಿನ ಗದ್ದೆಗೂ ಅನ್ವಯಿಸಿದರು. ಅದಕ್ಕಾಗಿ ಸಹೋದ್ಯೋಗಿಗಳ ಅಸಮ್ಮತಿಯನ್ನೂ ನಿಶ್ಚಿತವಾದ ನೆಲೆಯ ನಷ್ಟವನ್ನೂ ಸಹಿಸಿದರು. ಜಾತಿಭೇದವನ್ನು ಖಂಡಿಸುವ ಯುರೋಪಿಯನ್ನರು ತಮ್ಮ ಬಣ್ಣದ ಭೇದವನ್ನು ಗಮನಿಸದಿದ್ದ ಕಾಲವದು. ಮೋಗ್ಲಿಂಗ್ ಎರಡನ್ನೂ ಒಂದೇ ದೋಷವೆಂದು ಕಂಡು ನಡೆದುಕೊಂಡರು ಎಂಬುದು ಅವರ ಬಾಳಿನ ವಿಶೇಷ. ಅವರ ಪ್ರಯತ್ನ ಪೂರ್ಣವಾಗಿ ಫಲಿಸಲಿಲ್ಲ. ಸ್ವಾತಂತ್ರ್ಯ ಹೋರಾಟದ ಕಾಲಕ್ಕೂ ಬಣ್ಣದ ಅಂತರ ಉಳಿದಿತ್ತು, ಜಾತಿಯ ಅಂತರ ಅನಂತರವೂ ಅಳಿಯಲಿಲ್ಲ.

ಸ್ಮರಣೆ

'ಮಂಗಳೂರ ಸಮಾಚಾರ' ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪ್ರತಿವರ್ಷ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತದೆ. ಮೋಗ್ಲಿಂಗ್ ಅವರನ್ನು ಕನ್ನಡ ಪತ್ರಿಕೋದ್ಯಮದ ಪಿತಾಮಹರೆಂದು ಅಂದು ಸ್ಮರಿಸುತ್ತಾರೆ. ಬಲ್ಮಠದ ವಿದ್ಯಾಲಯ ಇಂದು ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಗಿ ಮುಂದುವರಿದಿದೆ. ಅವರು ಅಚ್ಚು ಮಾಡಿಸಿದ ದಾಸರ ಪದಗಳ ಸಂಗ್ರಹವನ್ನು ಹರಿದಾಸ ಸಾಹಿತ್ಯದ ಸಂಶೋಧಕರು ಈಗಲೂ ಉಲ್ಲೇಖಿಸುತ್ತಾರೆ. ಕೊಡಗಿನ ಸಿದ್ದಾಪುರದ ಬಳಿ ಆನಂದಪುರ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.